ಶೀಟು ಇಳಿಸುವ ದಿನ

ಮುಂಗಾರು ಬೀಳುವುದರೊಳಗೆ ಹಳೇ ಛಾವಣಿ ಇಳಿದು ಹೊಸದು ಏರಬೇಕು. ಹಾಗಾಗಿ ನಮ್ಮ ಸೀಮೆಯಲ್ಲಿ ಹಳೆಯ ಮಿಲ್ಲು, ಗೋದಾಮುಗಳ ರಿಪೇರಿ ಶುರುವಾಗುವುದೇ ಕಡು ಬೇಸಿಗೆಯಲ್ಲಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಯಾವ ಊರಾದರೂ ಸರಿ. ಎಪಿಎಂಸಿ ಹಿಂದಿನ ರಸ್ತೆಗೋ ಹಳೇ ಬಸ್‌ಸ್ಟ್ಯಾಂಡಿನ ಮಗ್ಗುಲಿಗೋ ಹೋಗಿ ನಿಂತರೆ ಅಂಥದೊಂದು ಕಟ್ಟಡ ಕಣ್ಣಿಗೆ ಬೀಳುತ್ತದೆ. ಕಲ್ಲಿನ ದಪ್ಪ ಗೋಡೆ, ಸುಣ್ಣ ಕಿತ್ತ ಎದುರು ಭಾಗ, ನೆತ್ತಿಯ ಮೇಲೆ ಗಾರೆಯಲ್ಲಿ ಉಬ್ಬಿಸಿ ಬರೆದ ‘ಶ್ರೀ ಕೊಟ್ಟೂರೇಶ್ವರ ಪ್ರಸನ್ನ’. ಅದರ ಮೇಲೆ ಅಲೆ ಅಲೆಯಾಗಿ ಇಳಿಬಿದ್ದ ಬೂದುಬಣ್ಣದ ಸಿಮೆಂಟ್ ಶೀಟು. ಮಳೆಗಾಲದ ಪಾಚಿ ಬಿಸಿಲಿಗೆ ಒಣಗಿ ಕಪ್ಪು ಹಕ್ಕಳೆಯಾಗಿ ಶೀಟಿನ ಮೇಲೆ ಕೂತಿರುತ್ತದೆ.

ಒಳಗೆ ಕಾಲಿಟ್ಟರೆ ಮೊದಲು ಬರುವುದು ವಾಸನೆ. ಶೇಂಗಾ ಹಿಂಡಿಯ ಕಮಟು ಹತ್ತಾರು ವರ್ಷದಿಂದ ನೆಲಕ್ಕೆ ಇಳಿದು ಕೂತಿದೆ; ಮಿಲ್ಲು ನಿಂತರೂ ವಾಸನೆ ನಿಂತಿಲ್ಲ. ನೆಲ ಎಣ್ಣೆ ಕುಡಿದು ಕರ್ರಗಾಗಿದೆ. ಮೂಲೆಯಲ್ಲಿ ಆಳೆತ್ತರದ ತಕ್ಕಡಿಯ ಕಂಬ, ಪಕ್ಕದಲ್ಲಿ ಬೋಳು ಫ್ಯೂಸ್‌ಗಳ ಸ್ವಿಚ್ ಬೋರ್ಡು. ಹಿಂಬದಿಯ ಕೋಣೆಯಲ್ಲಿ ತುಕ್ಕು ಹಿಡಿದ ಬಾಯ್ಲರು, ಅದರ ಕೊಳವೆಗಳಿಗೆ ಸುತ್ತಿದ ಕೊಳಕು ಬಿಳಿ ಪಟ್ಟಿ ಅಲ್ಲಲ್ಲಿ ಬಿಚ್ಚಿ ಜೋತಾಡುತ್ತದೆ. ಮೇಲೆ ಕಬ್ಬಿಣದ ಕೈಮರಗಳಲ್ಲಿ ಪಾರಿವಾಳದ ಗೂಡು. ಶೀಟಿನ ಬಿರುಕುಗಳಿಂದ ಇಳಿದ ಬಿಸಿಲಿನ ಕೋಲುಗಳು ನೆಲದವರೆಗೂ ನಿಂತಿವೆ.

ಬ್ರಿಟಿಷರ ಕಾಲದಲ್ಲೇ ಹೊಸಪೇಟೆಯಿಂದ ಕೊಟ್ಟೂರಿಗೆ ರೈಲು ಬಂದಿತ್ತು. ಆಗ ಇದೆಲ್ಲ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರಿದ್ದು, 2021ರಲ್ಲಿ ವಿಜಯನಗರ ಜಿಲ್ಲೆಯಾದದ್ದು ಆಮೇಲಿನ ಮಾತು. ಹತ್ತಿ, ಶೇಂಗಾ, ಜೋಳ ಬೆಳೆಯುವ ಕರಿನೆಲ ಮತ್ತು ಕೆಂಪುನೆಲದ ಊರುಗಳಲ್ಲಿ ಜಿನ್ನಿಂಗ್ ಮಿಲ್ಲು, ಎಣ್ಣೆ ಮಿಲ್ಲು, ದಲ್ಲಾಳಿ ಅಂಗಡಿಗಳೇ ಪೇಟೆ. ಇವುಗಳ ಮೇಲೆ ಮೊದಲು ಮಾಳಿಗೆ ಇತ್ತು, ಇಲ್ಲವೇ ಮಂಗಳೂರು ಹಂಚು, ತಗಡು. ಆಮೇಲೆ ಸಿಮೆಂಟ್ ಶೀಟು ಬಂತು. ಅಗ್ಗ, ಹಗುರ, ಗೆದ್ದಲು ಮುಟ್ಟದು, ತುಕ್ಕು ಹಿಡಿಯದು, ಎಲ್ಲಕ್ಕಿಂತ ಮುಖ್ಯವಾಗಿ ಬೆಂಕಿ ಹತ್ತದು. ಹತ್ತಿಯ ರಾಶಿಯ ಮೇಲೆ ಬೇರೆ ಯಾವ ಛಾವಣಿ ಹಾಕುವ ಧೈರ್ಯ ಯಾವ ಸಾವ್ಕಾರನಿಗಿತ್ತು? (ಬೆಂಕಿ ಹತ್ತದೇನೋ ನಿಜ. ಆದರೆ ಕೆಳಗೆ ಬೆಂಕಿ ಬಿದ್ದರೆ ಶೀಟು ಪಟಪಟನೆ ಸಿಡಿದು ಚೂರಾಗುತ್ತದೆ. ಅದು ಸಾವ್ಕಾರರಿಗೆ ತಿಳಿಯುತ್ತಿದ್ದದ್ದು ಬೆಂಕಿ ಬಿದ್ದ ಮೇಲೆಯೇ.)

ಆ ಶೀಟಿನೊಳಗೆ ಇರುವುದು ಕಲ್ನಾರು, ಅಂದರೆ ಆಸ್‌ಬೆಸ್ಟಾಸ್. ಮಣ್ಣಿನ ಗೋಡೆ ಮೆತ್ತುವಾಗ ಹೊಟ್ಟು ಕಲಸುತ್ತಾರಲ್ಲ, ಹಾಗೆ ಸಿಮೆಂಟಿನಲ್ಲಿ ಈ ಕಲ್ಲಿನ ನಾರನ್ನು ಕಲಸುತ್ತಾರೆ. ಹತ್ತರಲ್ಲಿ ಒಂಬತ್ತು ಪಾಲು ಸಿಮೆಂಟು ಮತ್ತಿತರ ಪುಡಿ, ಹೆಚ್ಚುಕಡಿಮೆ ಒಂದು ಪಾಲು ನಾರು. ಆರು ಮಿಲಿಮೀಟರ್ ದಪ್ಪದ ಹಾಳೆಯನ್ನು ಸುಲಭಕ್ಕೆ ಸೀಳದಂತೆ ಹಿಡಿದಿಡುವುದು ಆ ನಾರೇ. ಇಪ್ಪತ್ತನೇ ಶತಮಾನದ ಹೊಸ್ತಿಲಲ್ಲಿ ಆಸ್ಟ್ರಿಯಾದ ಲುಡ್ವಿಗ್ ಹಾಟ್‌ಶೆಕ್ ಇದನ್ನು ಕಾಗದ ತಯಾರಿಸುವ ಹಾಗೆ ಪದರ ಪದರವಾಗಿ ಮಾಡುವ ಯಂತ್ರ ಕಂಡುಹಿಡಿದ. ಇವತ್ತಿಗೂ ನಮ್ಮ ದೇಶದ ಶೀಟಿನ ಕಾರ್ಖಾನೆಗಳಲ್ಲಿ ಓಡುವುದು ಅದೇ ಪದ್ಧತಿ.

ಇನ್ನೊಂದು ಸಂಗತಿ ಇಲ್ಲೇ ಹೇಳಿಬಿಡುತ್ತೇನೆ. ಹರಪನಹಳ್ಳಿ ತಾಲ್ಲೂಕಿನ ನೀಲಗುಂದದಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಭೀಮೇಶ್ವರ ಗುಡಿ ಇದೆ. ಬಳಪದ ಕಲ್ಲಿನ ಗುಡಿ. ಕಂಬದ ತಿರುಗಣಿ, ಬಾಗಿಲವಾಡದ ಬಳ್ಳಿ, ಜಾಲರಿಗಳನ್ನೆಲ್ಲ ಅಷ್ಟು ನಯವಾಗಿ ಕೆತ್ತಲು ಆದದ್ದು ಆ ಕಲ್ಲು ಮೆತ್ತಗಿದ್ದದ್ದರಿಂದ. ಬಳಪದ ಕಲ್ಲೂ ಬಿಳಿ ಕಲ್ನಾರೂ ಭೂಮಿಯೊಳಗೆ ಹತ್ತಿರದ ನೆಂಟರು. ಎರಡೂ ಮೆಗ್ನೀಸಿಯಂ, ಸಿಲಿಕಾ, ನೀರಿನಂಶ ಕೂಡಿ ಆದವು. ಒಂದೇ ಬಗೆಯ ಹಳೇ ಬಂಡೆಗಳು ಮಾರ್ಪಟ್ಟು ಹುಟ್ಟಿದವು. ಒಂದು ಹಾಳೆಯಾಗಿ ಮಡಿಚಿತು, ಇನ್ನೊಂದು ಎಳೆಯಾಗಿ ಸುರುಳಿ ಸುತ್ತಿತು. ಹೊಳೆನರಸೀಪುರದ ಕಡೆ ಹಿಂದೆ ಕಲ್ನಾರನ್ನು ತೆಗೆಯುತ್ತಿದ್ದರು ಕೂಡ. ಕಲ್ಲನ್ನು ಹೊತ್ತ ಶಿಲ್ಪಿಗೆ ಇಲ್ಲದ ಕುತ್ತು ಎಳೆಯನ್ನು ಹೊತ್ತವನಿಗೆ ಬಂದದ್ದು ಆ ಸುರುಳಿಯಿಂದ.

ಈಗ ಶೀಟು ಇಳಿಸುವ ದಿನಕ್ಕೆ ಬರೋಣ.

ಮಿಲ್ಲಿನ ಜಾಗದಲ್ಲಿ ಮಳಿಗೆಗಳ ಸಾಲು ಬರಲಿದೆ. ಕೆಳಗೆ ಬಟ್ಟೆ ಅಂಗಡಿ, ಬೈಕ್ ಶೋರೂಮು, ಮೇಲೆ ಕಲ್ಯಾಣ ಮಂಟಪ. ಗೋಡೆ ಗಟ್ಟಿಯಿದೆ, ಅದು ಉಳಿಯುತ್ತದೆ. ಛಾವಣಿಯನ್ನು ಗುತ್ತಿಗೆಗೆ ಕೊಟ್ಟಾಗಿದೆ. ಬೆಳಗ್ಗೆ ಏಳಕ್ಕೇ ಏಣಿ ಬಂತು, ಮೇಸ್ತ್ರಿ ಬಂದ, ನಾಲ್ಕೈದು ಹುಡುಗರು ಬಂದರು. ಬರಿಗಾಲು, ತಲೆಗೆ ಟವೆಲ್ಲು, ಸೊಂಟಕ್ಕೆ ಸುತ್ತಿಗೆ. ಛಾವಣಿಯ ಮೇಲೆ ಅವರು ಹೆಜ್ಜೆ ಇಡುವುದು ಮೊಳೆಯ ಸಾಲಿನ ಮೇಲಷ್ಟೇ, ಕೆಳಗೆ ಕಬ್ಬಿಣದ ಪಟ್ಟಿ ಇರುವ ಕಡೆ. ನಡುವೆ ಕಾಲಿಟ್ಟರೆ ಹಳೇ ಶೀಟು ಸದ್ದಿಲ್ಲದೆ ಬಾಯಿ ತೆರೆಯುತ್ತದೆ. ಕೆಳಗಿನ ನೆಲಕ್ಕೆ ಇಪ್ಪತ್ತು ಅಡಿ.

ಶೀಟನ್ನು ಹಿಡಿದಿರುವುದು ಜೆ ಆಕಾರದ ಕೊಕ್ಕೆ ಬೋಲ್ಟುಗಳು. ಮೂವತ್ತು ನಲವತ್ತು ವರ್ಷದ ತುಕ್ಕು ಕೂಡಿ ನಟ್ಟೂ ಬೋಲ್ಟೂ ಒಂದೇ ಆಗಿವೆ. ಸ್ಪ್ಯಾನರ್ ಜಾರುತ್ತದೆ. ಒಬ್ಬ ಹುಡುಗ ಎರಡು ಸಲ ತಿರುಗಿಸಿ ನೋಡಿದ, ಮೂರನೆಯ ಸಲಕ್ಕೆ ಬೋಲ್ಟಿನ ಸುತ್ತ ಸುತ್ತಿಗೆಯಿಂದ ನಾಲ್ಕು ಏಟು ಹಾಕಿದ. ಶೀಟು ಬೋಲ್ಟನ್ನು ಬಿಟ್ಟುಕೊಟ್ಟಿತು. ಬಿಟ್ಟುಕೊಟ್ಟ ಶೀಟನ್ನು ಹಗ್ಗ ಕಟ್ಟಿ ಇಳಿಸುವುದು ನಿಧಾನ, ಒಳಕ್ಕೆ ದೂಡುವುದು ಸಲೀಸು. ದಢಾರ್ ಎಂದು ಬಿತ್ತು. ಬಿಸಿಲಿನ ಕೋಲುಗಳೊಳಗೆ ಬೂದು ಹೊಗೆ ಎದ್ದು, ಮೆಲ್ಲಗೆ ಸುತ್ತಿ, ಇಡೀ ಮಿಲ್ಲನ್ನು ತುಂಬಿತು. ಹೊಸ ಛಾವಣಿಗೆ ಅಳತೆ ಕೂಡದ ಕಡೆ ಗ್ರೈಂಡರ್ ಮಷಿನ್ನು ಬೇರೆ. ಅದರ ಚಕ್ರ ಶೀಟಿಗೆ ತಾಗಿದಾಗ ಏಳುವ ಬಿಳಿ ಧೂಳಿನ ಕುಚ್ಚನ್ನು ರಸ್ತೆಯಿಂದಲೇ ನೋಡಬಹುದು.

ಕೆಳಗೆ ಹೆಣ್ಣಾಳುಗಳು. ಸೆರಗನ್ನು ಮೂಗಿಗೆ ಬಿಗಿದು ಚೂರುಗಳನ್ನು ಬುಟ್ಟಿಗೆ ತುಂಬುತ್ತಾರೆ, ಉಳಿದದ್ದನ್ನು ಕಸಬರಿಗೆಯಿಂದ ಒಟ್ಟುತ್ತಾರೆ. ಒಣಗಿದ ಕಸಬರಿಗೆ, ಒಣಗಿದ ಧೂಳು.

“ಗಂಟ್ಲು ಕೆರೀತೈತಿ ಯಣ್ಣಾ, ಒಂದೀಟು ನೀರರ ಹೊಡಸು.”

“ನೀರು ಹೊಡದ್ರ ರಾಡಿ ಆಕ್ಕತಿ, ಟ್ರ್ಯಾಕ್ಟರ್ ಒಳಗ ಬರಂಗಿಲ್ಲ. ಸುಮ್ಕ ತುಂಬಬೇ.”

ಮೇಸ್ತ್ರಿ ಒರಟನಲ್ಲ. ಮಧ್ಯಾಹ್ನ ಎಲ್ಲರಿಗೂ ಮಂಡಕ್ಕಿ ಮೆಣಸಿನಕಾಯಿ ತರಿಸಿದ್ದೂ ಅವನೇ. ಧೂಳಿನ ಮಾತು ತೆಗೆದರೆ ನಗುತ್ತಾನೆ. “ಇಪ್ಪತ್ತು ವರ್ಷಾತ್ರಿ ಇದಾ ಕೆಲಸ ಮಾಡಾಕತ್ತು. ಏನಾಗೇತಿ ನನಗ?”

ಅವನ ಮಾತಿನಲ್ಲಿ ಸುಳ್ಳಿಲ್ಲ. ಇಡೀ ಕೇಡಿರುವುದೇ ಅವನು ಹೇಳಿದ ಆ ಇಪ್ಪತ್ತು ವರ್ಷದಲ್ಲಿ. ಕಲ್ನಾರಿನ ಎಳೆಯನ್ನು ಸೀಳಿದರೆ ಇನ್ನೂ ಸಣ್ಣ ಎಳೆ ಬರುತ್ತದೆ, ಅದನ್ನು ಸೀಳಿದರೆ ಮತ್ತೂ ಸಣ್ಣದು. ಗಾಳಿಯಲ್ಲಿ ಅಳತೆ ಮಾಡುವವರು ಎಣಿಸುವುದು 5 ಮೈಕ್ರಾನಿಗಿಂತ ಉದ್ದ, 3 ಮೈಕ್ರಾನಿಗಿಂತ ತೆಳು ಇರುವ ನಾರುಗಳನ್ನು. ತಲೆಗೂದಲಿನ ದಪ್ಪವೇ ಎಪ್ಪತ್ತು ಮೈಕ್ರಾನಿನ ಆಸುಪಾಸು. ಕಣ್ಣಿಗೆ ಕಾಣುವ ಧೂಳು ನೆಲಕ್ಕೆ ಬಿದ್ದ ಮೇಲೂ ಕಾಣದ ಈ ನಾರು ಗಂಟೆಗಟ್ಟಲೆ ಗಾಳಿಯಲ್ಲೇ ಇರುತ್ತದೆ. ಸೆರಗಾಗಲಿ ಟವೆಲ್ಲಾಗಲಿ ಅದನ್ನು ತಡೆಯಲಾರದು. ಶ್ವಾಸಕೋಶದ ತುದಿಗೆ ಹೋಗಿ ಕೂತರೆ ಕರಗದು, ಕೊಳೆಯದು. ಅದನ್ನು ನುಂಗಿ ಅರಗಿಸಲು ಬಂದ ರಕ್ಷಕ ಕಣಗಳು ತಾವೇ ಸತ್ತು ಸುತ್ತ ಗಾಯ ಮಾಡುತ್ತವೆ, ಗಾಯ ಗಡುಸಾಗುತ್ತದೆ. ಹಾಗೆ ಉಸಿರಿನ ಜಾಗವೆಲ್ಲ ಗಡುಸಾದರೆ ಆಸ್‌ಬೆಸ್ಟೋಸಿಸ್. ಕೆಲವರಿಗೆ ಶ್ವಾಸಕೋಶದ ಕ್ಯಾನ್ಸರು. ಇನ್ನು ಕೆಲವರಿಗೆ ಶ್ವಾಸಕೋಶದ ಹೊರಪೊರೆಯನ್ನೇ ಹಿಡಿಯುವ ಮೆಸೊಥೆಲಿಯೋಮ. ಇವು ಹೊರಬೀಳಲು ಇಪ್ಪತ್ತರಿಂದ ನಲವತ್ತು ವರ್ಷ ಬೇಕು. ಬೀಡಿ ಸೇದುವವನಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹಲವು ಪಟ್ಟು. ಇವತ್ತು ಛಾವಣಿ ಮೇಲಿರುವ ಇಪ್ಪತ್ತರ ಹುಡುಗನಿಗೆ ಅರವತ್ತಕ್ಕೆ ಉಬ್ಬಸ ಬಂದರೆ ‘ಬೀಡಿ ಜಾಸ್ತಿ ಆತು’ ಅಂತಲೋ, ಟಿಬಿ ಅಂತಲೋ ಅನ್ನುತ್ತಾರೆ. ಈ ಮಿಲ್ಲು ಯಾರಿಗೂ ನೆನಪಿರುವುದಿಲ್ಲ.

ಹೊರದೇಶಗಳಲ್ಲಿ ಇದನ್ನು ಕಂಡುಕೊಂಡದ್ದು ಇಂದು ನಿನ್ನೆಯಲ್ಲ. ಇಂಗ್ಲೆಂಡಿನ ರಾಚ್‌ಡೇಲ್‌ನ ಕಲ್ನಾರು ಗಿರಣಿಯಲ್ಲಿ ನೂಲುತ್ತಿದ್ದ ನೆಲ್ಲಿ ಕರ್ಶಾ ಎಂಬಾಕೆ 1924ರಲ್ಲಿ ತೀರಿಕೊಂಡಾಗ ಆಕೆಯ ಶ್ವಾಸಕೋಶವನ್ನು ಪರೀಕ್ಷಿಸಿದ ಡಾ. ವಿಲಿಯಂ ಕುಕ್ ಅದರೊಳಗಿನ ನಾರುಗಳ ಬಗ್ಗೆ ಬರೆದರು. 1960ರಲ್ಲಿ ದಕ್ಷಿಣ ಆಫ್ರಿಕಾದಿಂದ ಮೆಸೊಥೆಲಿಯೋಮದ ವರದಿ ಬಂತು. 1965ರಲ್ಲಿ ಲಂಡನ್ನಿನ ಅಧ್ಯಯನವೊಂದು ಇನ್ನೂ ಕಸಿವಿಸಿಯ ವಿಷಯ ಹೇಳಿತು: ಕಾರ್ಖಾನೆಯ ಮೆಟ್ಟಿಲು ಹತ್ತದವರಿಗೂ ಕಾಯಿಲೆ ಬಂದಿತ್ತು. ಅವರು ಕಾರ್ಮಿಕರ ಮನೆಯವರು, ಅವರ ಬಟ್ಟೆ ಒಗೆದವರು, ಕಾರ್ಖಾನೆಯ ಹತ್ತಿರ ಬದುಕಿದವರು. ಸಂಜೆ ಮಿಲ್ಲಿನಿಂದ ಮನೆಗೆ ಹೋಗುವ ಈ ಹೆಣ್ಣಾಳು ಅದೇ ಸೆರಗಿನಿಂದ ಮಗುವಿನ ಮೂಗು ಒರೆಸುತ್ತಾಳೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಕೆಲಸದ ಜಾಗದಲ್ಲಿ ಕಲ್ನಾರು ಉಸಿರಾಡಿ ಸಾಯುವವರು ವರ್ಷಕ್ಕೆ 2 ಲಕ್ಷಕ್ಕೂ ಹೆಚ್ಚು. ಬಿಳಿ, ನೀಲಿ, ಕಂದು, ಬಣ್ಣ ಯಾವುದಾದರೂ ಎಲ್ಲವೂ ಕ್ಯಾನ್ಸರಿಗೆ ಕಾರಣವೆಂದು ಅದು ಹೇಳಿದೆ. ಬ್ರಿಟನ್ 1999ರಲ್ಲಿ, ಆಸ್ಟ್ರೇಲಿಯಾ 2003ರ ಕೊನೆಗೆ, ಕೆನಡಾ 2018ರಲ್ಲಿ ನಿಷೇಧಿಸಿದವು. ಕೆನಡಾದ ಗಣಿ ಊರೊಂದಕ್ಕೆ ಆಸ್‌ಬೆಸ್ಟಾಸ್ ಎಂದೇ ಹೆಸರಿತ್ತು. ಊರಿನವರು 2020ರಲ್ಲಿ ಮತ ಹಾಕಿ ಆ ಹೆಸರನ್ನೇ ಕಿತ್ತುಹಾಕಿದರು. ನಾವು 1986ರಲ್ಲಿ ಹೊಸ ಗಣಿ ಗುತ್ತಿಗೆ ಕೊಡುವುದನ್ನು ನಿಲ್ಲಿಸಿದೆವು, ತರಿಸಿಕೊಳ್ಳುವುದನ್ನು ನಿಲ್ಲಿಸಲಿಲ್ಲ. ಈಗ ರಷ್ಯಾ, ಕಜಾಕಸ್ತಾನ, ಬ್ರೆಜಿಲ್‌ಗಳಿಂದ ವರ್ಷಕ್ಕೆ 3 ಲಕ್ಷ ಟನ್ನಿಗೂ ಮೀರಿ ಕಲ್ನಾರು ಹಡಗಿನಲ್ಲಿ ಬಂದು ಇಳಿಯುತ್ತದೆ. ಜಗತ್ತಿನಲ್ಲಿ ಅತಿ ಹೆಚ್ಚು ಕೊಳ್ಳುವವರು ನಾವೇ.

ಹಾಗಾದರೆ ಶೀಟಿನ ಕೆಳಗೆ ಕೂತವರೆಲ್ಲ ಸಾಯುತ್ತಾರೆಯೇ? ಇಲ್ಲ, ಆ ಹೆದರಿಕೆ ಬೇಡ. ಗಟ್ಟಿಯಾಗಿರುವ, ಒಡೆಯದ, ಕೊರೆಯದ ಶೀಟಿನಲ್ಲಿ ನಾರನ್ನು ಸಿಮೆಂಟು ಬಿಗಿಯಾಗಿ ಹಿಡಿದಿರುತ್ತದೆ. ಅದರ ಕೆಳಗೆ ಬೇಸಿಗೆಯಲ್ಲಿ ಬೆಂದುಹೋಗುತ್ತೀರಿ, ಅಷ್ಟೆ. ಮಿಲ್ಲಿನೊಳಗೆ ಶೀಟಿಗಿಂತ ಕೆಟ್ಟದ್ದು ಆ ಬಾಯ್ಲರಿನ ಕೊಳವೆಗೆ ಸುತ್ತಿದ ಪಟ್ಟಿ. ಹಳೇ ಕಾಲದ ಅಂಥ ಪಟ್ಟಿ, ಹಗ್ಗಗಳಲ್ಲಿ ಸಿಮೆಂಟು ಇಲ್ಲ, ಬಹುಪಾಲು ಬರೀ ನಾರು. ಬೆರಳಿನಿಂದ ಉಜ್ಜಿದರೂ ಉದುರುತ್ತದೆ. ಗುಜರಿಯವನು ಕೊಳವೆಯ ಕಬ್ಬಿಣಕ್ಕಾಗಿ ಅದನ್ನು ಕತ್ತಿಯಿಂದ ಹೆರೆಯುತ್ತಾನೆ. ನನ್ನ ಕೇಳಿದರೆ ಇಡೀ ರಿಪೇರಿಯಲ್ಲಿ ಮೊದಲು ತಡೆಯಬೇಕಾದ ಕೆಲಸ ಅದೇ. ಶೀಟು ಮಾತ್ರ ಒಡೆದ ದಿನ, ಕತ್ತರಿಸಿದ ದಿನ ಕೆಡುತ್ತದೆ. ಸುಣ್ಣದ ಬಿಳಿ ಬಣ್ಣ ಬಳಿದು ತಂಪು ಮಾಡುತ್ತೇವೆಂದು ತಂತಿ ಬ್ರಷ್ಷಿನಿಂದ ಪಾಚಿ ಉಜ್ಜಿದ ದಿನವೂ ಅಷ್ಟೇ.

ಬ್ರಿಟನ್ನಿನಲ್ಲಿ ಹಳೇ ಅಂಗಡಿ, ಗೋದಾಮುಗಳನ್ನು ರಿಪೇರಿಗೆ ಮುಟ್ಟುವ ಮೊದಲು ಎಲ್ಲೆಲ್ಲಿ ಕಲ್ನಾರಿದೆ ಎಂದು ಪರೀಕ್ಷೆ ಮಾಡಿಸುವುದು 2012ರ ಕಟ್ಟಳೆ. ನಮ್ಮಲ್ಲಿ ಅಂಥ ಕಡ್ಡಾಯ ಇಲ್ಲ. ಹಾಗೆಂದು ಕಾನೂನು ಬಾಯಿ ಕಟ್ಟಿಕೊಂಡೇನೂ ಕೂತಿಲ್ಲ. 1995ರ ಜನವರಿ 27ರಂದು ಸುಪ್ರೀಂ ಕೋರ್ಟು ಕಲ್ನಾರು ಕಾರ್ಖಾನೆಗಳ ಪ್ರಕರಣದಲ್ಲಿ ತೀರ್ಪು ಕೊಟ್ಟು, ಕಾರ್ಮಿಕನ ಆರೋಗ್ಯ ಅವನ ಬದುಕುವ ಹಕ್ಕಿನೊಳಗೇ ಸೇರಿದೆ ಎಂದಿತು. ಪ್ರತಿಯೊಬ್ಬನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷ, ಇಲ್ಲವೇ ನಿವೃತ್ತಿಯ ನಂತರ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕೆಂದಿತು. ರೋಗ ಎಷ್ಟು ಕಾಲ ಅಡಗಿರುತ್ತದೆಂದು ತಿಳಿದವರು ಬರೆದ ತೀರ್ಪು ಅದು. ಭಾರತೀಯ ಮಾನಕ ಬ್ಯೂರೋದ್ದೂ ಒಂದು ಸೂಚನಾಪತ್ರ ಇದೆ. ಕಲ್ನಾರಿನ ತ್ಯಾಜ್ಯವನ್ನು ವಿಲೇವಾರಿ ಮಾಡುವುದು ಹೇಗೆಂದು ಅದು 1986ರಷ್ಟು ಹಿಂದೆಯೇ ಹೇಳಿದೆ.

ಆದರೆ ತೀರ್ಪು ತಲುಪಿದ್ದು ಕಾರ್ಖಾನೆಯ ಗೇಟಿನವರೆಗೆ. ಗೇಟಿನೊಳಗೆ ಹಾಜರಿ ಪುಸ್ತಕ ಇದೆ, ಅದರಲ್ಲಿ ಹೆಸರು ಇದೆ. ನಮ್ಮ ಮಿಲ್ಲಿನ ಛಾವಣಿ ಹತ್ತಿದ ಹುಡುಗ ಇವತ್ತು ಕೊಟ್ಟೂರು, ನಾಳೆ ಕೂಡ್ಲಿಗಿ, ಸುಗ್ಗಿಯಲ್ಲಿ ಮೆಕ್ಕೆಜೋಳದ ಹೊಲ, ಮಿಕ್ಕ ಕಾಲದಲ್ಲಿ ಬೆಂಗಳೂರಿನ ಸೆಂಟ್ರಿಂಗ್. ಅವನ ಹೆಸರಿರುವುದು ಮೇಸ್ತ್ರಿಯ ಫೋನಿನಲ್ಲಿ. ಲೇಬರ್ ಕಾರ್ಡು ಇದ್ದರೂ ಅದರಲ್ಲಿ ಯಾವ ಛಾವಣಿ, ಯಾವ ಧೂಳು ಎಂಬುದಕ್ಕೆ ಜಾಗವಿಲ್ಲ. ನಲವತ್ತು ವರ್ಷ ಕಾಯಬೇಕಾದ ದಾಖಲೆ ನಲವತ್ತು ನಿಮಿಷಕ್ಕೂ ಹುಟ್ಟುವುದಿಲ್ಲ.

ಸಂಜೆಗೆ ಚೂರುಗಳ ರಾಶಿ ಟ್ರ್ಯಾಕ್ಟರ್ ಏರುತ್ತದೆ. ಅಪಾಯಕಾರಿ ತ್ಯಾಜ್ಯವನ್ನು ಹೂಳಲು ರಾಜ್ಯದ ದೊಡ್ಡ ತಾಣ ಇರುವುದು ದಾಬಸ್‌ಪೇಟೆಯಲ್ಲಿ, ಇಲ್ಲಿಂದ ಇನ್ನೂರು ಕಿಲೋಮೀಟರಿಗೂ ಆಚೆ. ಯಾವ ಟ್ರ್ಯಾಕ್ಟರೂ ಅಲ್ಲಿಗೆ ಹೋಗುವುದಿಲ್ಲ. ಊರ ಹೊರಗಿನ ಹಳ್ಳದ ದಂಡೆಗೆ ಹೋಗುತ್ತದೆ, ತಗ್ಗು ತುಂಬಿಸಲು ಯಾರಾದರೂ ಕೇಳಿದರೆ ಅವರ ಬಯಲಿಗೆ ಹೋಗುತ್ತದೆ. ಮೇಲೆ ಲಾರಿ ಓಡಾಡಿ ಅದು ಪುಡಿಯಾಗುತ್ತದೆ. ಒಡೆಯದೆ ಉಳಿದ ನಾಲ್ಕಾರು ಶೀಟಿಗೆ ಮಾತ್ರ ಗಿರಾಕಿಗಳು ಬೆಳಗ್ಗೆಯಿಂದ ಕಾದಿದ್ದಾರೆ: ದನದ ಕೊಟ್ಟಿಗೆಗೆ, ಬಚ್ಚಲಿಗೆ, ಕುರಿ ಹಟ್ಟಿಗೆ. ಅರ್ಧ ಶೀಟನ್ನು ಕೋಳಿ ಗೂಡಿಗೆ ಒಯ್ದವರೂ ಇದ್ದಾರೆ. ಗೇಟಿನ ಹೊರಗೆ ಬಿದ್ದ ಚಪ್ಪಟೆ ಚೂರನ್ನು ಹುಡುಗಿಯರು ಕುಂಟೆಬಿಲ್ಲೆಗೆ ಆರಿಸಿಕೊಂಡರು. ಒಳ್ಳೆಯ ಬಿಲ್ಲೆ, ನೆಲದ ಮೇಲೆ ಬಿಳಿ ಗೆರೆಯನ್ನೂ ಎಳೆಯುತ್ತದೆ.

ಬಡವರು ಹಳೇ ಶೀಟು ಒಯ್ಯಬಾರದು ಎಂದು ನಾನು ಹೇಳುವುದಿಲ್ಲ. ಹೊಸ ತಗಡಿನ ರೇಟು ಗೊತ್ತಿದ್ದವರು ಯಾರೂ ಹಾಗೆ ಹೇಳಲಾರರು. ಒಡೆಯದ ಶೀಟು ಒಡೆಯದೆ ಇನ್ನೊಂದು ಕೊಟ್ಟಿಗೆಯ ಮೇಲೆ ಕೂರುವುದು ಹಳ್ಳದಲ್ಲಿ ಪುಡಿಯಾಗುವುದಕ್ಕಿಂತ ಲೇಸು. ಇಲ್ಲಿ ಸಾವ್ಕಾರನ ಲಾಭವೂ ಕೂಲಿಯವನ ಜೀವವೂ ಒಂದೇ ಕಡೆ ನಿಂತಿವೆ. ಇಡಿಯ ಶೀಟಿಗೆ ಬೆಲೆ ಇದೆ, ಚೂರಿಗೆ ಇಲ್ಲ. ಸುತ್ತಿಗೆಯಿಂದ ಉಳಿಯುವುದು ಒಂದು ದಿನದ ಕೂಲಿ ಮಾತ್ರ.

ಮಾಡಬೇಕಾದ್ದು ದೊಡ್ಡ ವಿದ್ಯೆಯೇನಲ್ಲ. ಶೀಟಿನಲ್ಲಿ ಕಲ್ನಾರು ಇದೆಯೋ ಇಲ್ಲವೋ ಕಣ್ಣಿನಿಂದ ಹೇಳಲಾಗದು, ಸೂಕ್ಷ್ಮದರ್ಶಕ ಬೇಕು. ಹಳೇ ಬೂದು ಶೀಟೆಂದರೆ ಇದೆ ಎಂದೇ ತಿಳಿದು ಕೆಲಸ ಹಿಡಿಯುವುದು ಮೇಲು. ಏರುವ ಮೊದಲು ಛಾವಣಿಯನ್ನು ನೀರಿನಿಂದ ನೆನೆಸಬೇಕು, ಇಳಿಸುವಾಗಲೂ ನೆನೆಸುತ್ತಿರಬೇಕು. ನೆನೆದ ನಾರು ಹಾರುವುದಿಲ್ಲ. ಪೈಪಿನ ನೀರು ಜೋರಾಗಿ ಬಡಿಯದೆ ಸಿಂಪಡಿಸಿದಂತಿರಲಿ, ಬೆಳೆಗೆ ಔಷಧಿ ಹೊಡೆಯುವ ಪಂಪು ಸಾಕು. ತುಕ್ಕು ಹಿಡಿದ ಬೋಲ್ಟನ್ನು ಶೀಟಿಗೆ ತಾಗದಂತೆ ಕಟರ್‌ನಿಂದ ಕತ್ತರಿಸಲಿ. ಶೀಟಿನ ಮೇಲೆ ಕಾಲಿಡದೆ ಹಲಗೆ ಹಾಸಿ ನಡೆಯಲಿ, ಸೊಂಟಕ್ಕೆ ಹಗ್ಗ ಇರಲಿ. ಶೀಟು ಕೈಯಿಂದ ಕೈಗೆ ಇಳಿಯಲಿ. ಗ್ರೈಂಡರ್ ಗೇಟಿನೊಳಗೆ ಬರುವುದೇ ಬೇಡ. ಕಸಬರಿಗೆ ಹಿಡಿಯುವ ಮೊದಲು ನೆಲ ಒದ್ದೆಯಾಗಲಿ. ಚೂರನ್ನು ದಪ್ಪ ಪ್ಲಾಸ್ಟಿಕ್ಕಿನ ಎರಡು ಚೀಲದಲ್ಲಿ ಕಟ್ಟಿಡಿ. ಎಲ್ಲಿಗೆ ಸಾಗಿಸಬೇಕೆಂದು ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಯನ್ನು ಕೇಳಿ. ಕೆಲಸ ಮುಗಿದ ಮೇಲೆ ಮೈ ತೊಳೆದುಕೊಂಡು, ಬಟ್ಟೆ ಬದಲಿಸಿ ಮನೆಗೆ ಹೋಗಲು ಆಳುಗಳಿಗೆ ಒಂದು ಮರೆ, ಎರಡು ಬಕೆಟ್ ನೀರು ಕೊಡಿ. ಮಾಸ್ಕು ಎಂದರೆ ಬಟ್ಟೆಯದಲ್ಲ, ಸಣ್ಣ ಧೂಳನ್ನು ತಡೆಯುವ ಫಿಲ್ಟರ್ ಇರುವಂಥದ್ದು, ಮುಖಕ್ಕೆ ಬಿಗಿಯಾಗಿ ಕೂರುವಂಥದ್ದು. ಬಾಯ್ಲರಿನ ಪಟ್ಟಿಯನ್ನು ಮಾತ್ರ ಊರಿನ ಆಳುಗಳಿಂದ ಮುಟ್ಟಿಸಬೇಡಿ. ಅದನ್ನು ಬಲ್ಲವರು ಸಿಗುವವರೆಗೆ ಪ್ಲಾಸ್ಟಿಕ್ ಸುತ್ತಿ ಆ ಕೋಣೆಗೆ ಬೀಗ ಹಾಕಿ.

ಪುರಸಭೆ, ಪಟ್ಟಣ ಪಂಚಾಯಿತಿಗಳಿಗೂ ಒಂದು ಮಾತು. ಕಟ್ಟಡ ಕೆಡವಲು, ಛಾವಣಿ ಬದಲಿಸಲು ಅರ್ಜಿ ಬಂದಾಗ ‘ಹಳೇ ಸಿಮೆಂಟ್ ಶೀಟು ಇದೆಯೇ, ಇದ್ದರೆ ಹೇಗೆ ಇಳಿಸುತ್ತೀರಿ, ಎಲ್ಲಿಗೆ ಸಾಗಿಸುತ್ತೀರಿ’ ಎಂದು ಒಂದು ಸಾಲು ಸೇರಿಸಿ. ಅದಕ್ಕೆ ವಿಧಾನಸೌಧದ ಆದೇಶ ಬರುವವರೆಗೆ ಕಾಯಬೇಕಿಲ್ಲ. ಮಿಲ್ಲಿನ ಮಾಲೀಕರೇ, ಬರುವ ಬೇಸಿಗೆಯಲ್ಲಿ ನಿಮ್ಮದೂ ಛಾವಣಿ ಇಳಿಸುವುದಿದ್ದರೆ ಎಸ್ಟಿಮೇಟಿನಲ್ಲಿ ಕೂಲಿಯ ಸಾಲಿನ ಕೆಳಗೆ ಒಂದು ಟ್ಯಾಂಕರ್ ನೀರು, ಒಂದು ಔಷಧಿ ಪಂಪು, ಒಂದು ದಿನದ ಹೆಚ್ಚಿನ ಕೂಲಿ, ಇಷ್ಟನ್ನು ಬರೆಸಿ. ಛಾವಣಿ ಏರಿದವರ, ಕೆಳಗೆ ಗುಡಿಸಿದವರ ಹೆಸರನ್ನೂ ತಾರೀಖು ಹಾಕಿ ಅದರ ಬೆನ್ನಿಗೇ ಬರೆದಿಡಿ.